ಓಣಿಯೇ ಪೌರಧರ್ಮದ ಪಾಠಶಾಲೆ

(ಪೌರರ ಹಾಗೂ ಉಪಾಧ್ಯಾಯರ ಸಭೆಯಲ್ಲಿ ಮಾಡಿದ ಭಾಷಣ)



ಈಜು ಬಾರದವನನ್ನು ಹೊಳೆಗೆ ನೂಕಿ, ಅವನು ಮುಳುಗಿದ ಮೇಲೆ, ಇವನಿಗೆ ಹೊಳೆ ದಾಟುವ ಯೋಗ್ಯತೆಯೇ ಇಲ್ಲವೆಂದು ತೀರ್ಪು ಕೊಡುವುದು ನ್ಯಾಯವಲ್ಲ. ನಮ್ಮ ಪಟ್ಟಣಗಳ ನಿವಾಸಿಗಳಿಗೆ ಆಗಿರುವುದು ಇಂಥ ಅನ್ಯಾಯವೇ. ಗಟಾರ ತುಂಬಿ ಹರಿದಾಗ ಜನರಿಗೆ ಆಸ್ಥೆಯಿಲ್ಲವೆಂದು ಅಧಿಕಾರಿಗಳು ಹೇಳುತ್ತಾರೆ. ಅಧಿಕಾರಿಗಳಿಗೆ ಕರುಣೆಯಿಲ್ಲವೆಂದು ಜನರು ಹೇಳುತ್ತಾರೆ. ಗಟಾರ ಮಾತ್ರ ಹರಿಯುತ್ತಲೇ ಇರುತ್ತದೆ. ಹತ್ತು ಮನೆಯವರು ಕೂಡಿ ಓಣಿಯ ಕಾರ್ಯವನ್ನು ನಡೆಯಿಸುವುದು ಒಂದು ವಿದ್ಯೆ. ಲೆಕ್ಕ ಬರೆಯುವುದನ್ನೂ ಮಗ್ಗ ನಡೆಯಿಸುವುದನ್ನೂ ಕಲಿಯಬೇಕಾದಂತೆ ಅದನ್ನೂ ಕಲಿಯಬೇಕು, ಬಲ್ಲವರು ಕಲಿಸಬೇಕು. ಈ ಒಂದು ಮಾತನ್ನು ತಮ್ಮ ಮುಂದಿಡುವುದಕ್ಕಾಗಿಯೇ ನಾನು ನಿಂತಿದ್ದೇನೆ.

ಕಾನೂನು ನಮಗೆ ಪೀಠವನ್ನು ಹಾಕಿಕೊಟ್ಟಿದೆ. ಸಂವಿಧಾನದ 74ನೆಯ ತಿದ್ದುಪಡಿಯು 1993ನೆಯ ಜೂನ್ 1ರಂದು ಜಾರಿಗೆ ಬಂದಿತು. ಮೂರು ಲಕ್ಷ ಅಥವಾ ಅದಕ್ಕೂ ಹೆಚ್ಚಿನ ಜನಸಂಖ್ಯೆಯುಳ್ಳ ನಗರಗಳಲ್ಲಿ ವಾರ್ಡು ಸಮಿತಿಗಳಿರತಕ್ಕದ್ದೆಂದು ಅದು ವಿಧಿಸಿತು. ನಮ್ಮ ನಾಡಿನ ಮಹಾನಗರಪಾಲಿಕೆಗಳ 1976ರ ಅಧಿನಿಯಮಕ್ಕೆ 2011ರಲ್ಲಿ ತಿದ್ದುಪಡಿಯಾಗಿ, ವಾರ್ಡು ಸಮಿತಿಗಳ ಜೊತೆಗೆ, ಮತದಾರರೆಲ್ಲರೂ ಕೂಡಬಹುದಾದ ಪ್ರದೇಶ ಸಭೆಗಳಿಗೂ ಎಡೆ ದೊರೆಯಿತು. ಆದರೆ ಪೀಠವನ್ನು ಹಾಕಿದ ಮಾತ್ರದಿಂದ ಕೂಡ್ರುವವನಿಗೆ ಕಾರ್ಯಜ್ಞಾನ ಬರುವುದುಂಟೇ? ಕಲಿಸದೆ ಬಿಟ್ಟ ಪೀಠವು ಬಹುಕಾಲ ಬರಿದಾಗಿಯೂ ಇರುವುದಿಲ್ಲ. ಅದರ ಮೇಲೆ ದೊಡ್ಡ ಗಂಟಲಿನವನು ಬಂದು ಕೂಡ್ರುತ್ತಾನೆ. ಅವನ ಬೆನ್ನ ಹಿಂದೆ ಗುತ್ತಿಗೆದಾರನು ನಿಲ್ಲುತ್ತಾನೆ. ಅರ್ಜಿ ಬರೆಯಲರಿಯದ ಕೇರಿಗೆ ನೀರು ಕಡೆಯಲ್ಲಿ ಬರುತ್ತದೆ, ಮೊದಲು ನಿಲ್ಲುತ್ತದೆ. ಶಿಕ್ಷಣವಿಲ್ಲದ ಸ್ವರಾಜ್ಯದ ಭಾರವನ್ನು ಹೊರುವವರು ಬಡವರೇ ಎಂಬುದನ್ನು ನಾವು ಮರೆಯಲಾಗದು.

ಇದು ಪರದೇಶದಿಂದ ತಂದ ವಿಚಾರವೆಂದು ಯಾರೂ ಭಾವಿಸಬೇಕಾದುದಿಲ್ಲ. ಇಂದಿನ ಗದಗ ಜಿಲ್ಲೆಯ ಲಕ್ಷ್ಮೇಶ್ವರವು ಪೂರ್ವಕಾಲದ ಪುಲಿಗೆರೆ. ಅಲ್ಲಿಯ ಸುಮಾರು ಕ್ರಿ.ಶ. 725ರ ಶಾಸನದಲ್ಲಿ ಚಾಲುಕ್ಯ ಯುವರಾಜ ವಿಕ್ರಮಾದಿತ್ಯನು ರಾಜಪುರುಷರಿಗೂ ಪಟ್ಟಣದ ಮಹಾಜನರಿಗೂ ಹದಿನೆಂಟು ಪ್ರಕೃತಿಗಳಿಗೂ ಪರಸ್ಪರ ಸಲ್ಲುವ ಹಕ್ಕುಬಾಧ್ಯತೆಗಳನ್ನು ಕಲ್ಲಿನಲ್ಲಿ ಬರೆಯಿಸಿದ್ದಾನೆ. ಪಟ್ಟಣಿಗನ ಕರ್ತವ್ಯವಾವುದು, ಅಧಿಕಾರಿಯ ಮಿತಿ ಯಾವುದು ಎಂಬುದು ಎಲ್ಲರ ಕಣ್ಣಿಗೂ ಬೀಳುವ ಬರಹವಾಗಿರಬೇಕೆಂಬ ತತ್ತ್ವವು ನಮ್ಮ ನೆಲದಲ್ಲಿ ಅಷ್ಟು ಹಳೆಯದು. ಬಹುಕಾಲದ ಮೇಲೆ, 1882ರಲ್ಲಿ, ರಿಪನ್ ಪ್ರಭುವು ಸ್ಥಳೀಯ ಸ್ವರಾಜ್ಯದ ನಿರ್ಣಯವನ್ನು ಹೊರಡಿಸಿದಾಗ, ಆಡಳಿತದ ಸುಧಾರಣೆಗಿಂತಲೂ ಜನರ ರಾಜಕೀಯ ಶಿಕ್ಷಣವೇ ಅದರ ಮುಖ್ಯ ಪ್ರಯೋಜನವೆಂದು ಎಣಿಸಿದನು. ಮ್ಯುನಿಸಿಪಾಲಿಟಿಗಳು ಬೆಳೆದವು, ಶಿಕ್ಷಣವು ಹಿಂದುಳಿಯಿತು.

ಆ ಶಿಕ್ಷಣವನ್ನು ಕೊಟ್ಟೇ ತೀರಬೇಕೆಂದು ಹೊರಟ ಒಂದು ನಾಡು ನಮ್ಮ ನೆರೆಯಲ್ಲಿಯೇ ಇದೆ. ಕೇರಳವು 1996ನೆಯ ಆಗಸ್ಟ್ 17ರಂದು ಜನಯೋಜನೆಯ ಆಂದೋಲನವನ್ನು ಆರಂಭಿಸಿತು. ಯೋಜನಾ ವೆಚ್ಚದ ನೂರಕ್ಕೆ 35ರಿಂದ 40 ಭಾಗವನ್ನು ಸ್ಥಳೀಯ ಸಂಸ್ಥೆಗಳಿಗೆ ಬಿಟ್ಟುಕೊಡುವುದೆಂದು ಗೊತ್ತಾಯಿತು. ಹಣದೊಡನೆಯೇ ತರಬೇತಿಯನ್ನೂ ಅಲ್ಲಿಯವರು ಏರ್ಪಡಿಸಿದರು. ರಾಜ್ಯಮಟ್ಟದಲ್ಲಿ ಸುಮಾರು 600 ಜನರು ಇಪ್ಪತ್ತು ದಿನಗಳಷ್ಟು ಕಲಿತರು. ಜಿಲ್ಲಾಮಟ್ಟದಲ್ಲಿ ಸುಮಾರು 12,000 ಜನರು ಹತ್ತು ದಿನ ಕಲಿತರು. ಊರುಗಳಲ್ಲಿ ಒಂದು ಲಕ್ಷಕ್ಕೂ ಮಿಕ್ಕ ಜನರು ಐದು ದಿನಗಳಾದರೂ ಕಲಿತರು. ಗ್ರಾಮಸಭೆಯಲ್ಲಿ ಮುಖಂಡರ ದೀರ್ಘ ಭಾಷಣಗಳಿಗೆ ಬದಲಾಗಿ, ಬಂದವರು ವಿಷಯಕ್ಕೊಂದರಂತೆ ಗುಂಪುಗಳಾಗಿ ಕುಳಿತು ಚರ್ಚಿಸುವ ಪದ್ಧತಿಯುಂಟಾಯಿತು. ತರಬೇತಿ ಪಡೆದವರು ಆ ಚರ್ಚೆಯನ್ನು ನಡೆಯಿಸಿದರು. ದೊಡ್ಡ ಸಭೆಯಲ್ಲಿ ಎದ್ದು ನಿಲ್ಲಲು ಅಳುಕುವ ಹೆಣ್ಣುಮಗಳು ಸಣ್ಣ ಗುಂಪಿನಲ್ಲಿ ಬಾಯಿ ಬಿಡುತ್ತಾಳೆಂಬುದು ಉಪಾಧ್ಯಾಯರಾದ ತಮಗೆ ತಿಳಿಯದ ಸಂಗತಿಯಲ್ಲ.

ಹಾಗಾದರೆ ನಾವು ಕಲಿಸತಕ್ಕದ್ದೇನು? ನಾಲ್ಕು ಪಾಠಗಳು ಸಾಕು.

ಮೊದಲನೆಯದು, ನೋಡುವ ಪಾಠ. ಕಲಿಯುವವರು ಓಣಿಯನ್ನು ಕಾಲ್ನಡಿಗೆಯಿಂದ ಸುತ್ತಿ, ನಳ, ದೀಪದ ಕಂಬ, ಗಟಾರ, ಕಸ ಬೀಳುವ ಜಾಗ, ಮಳೆನೀರು ನಿಲ್ಲುವ ತಗ್ಗು, ಇವನ್ನೆಲ್ಲ ಒಂದು ನಕ್ಷೆಯಲ್ಲಿ ಗುರುತಿಸಲಿ. ನಕ್ಷೆಯನ್ನು ಕಂಡ ಮೇಲೆ ವಾದವು ಅರ್ಧಕ್ಕೆ ಇಳಿಯುತ್ತದೆ.

ಎರಡನೆಯದು, ಓದುವ ಪಾಠ. ನಗರಸಭೆಯ ಆಯವ್ಯಯ ಪತ್ರಿಕೆಯಲ್ಲಿ ನಮ್ಮ ವಾರ್ಡಿಗೆ ಬಂದುದೆಷ್ಟು, ವೆಚ್ಚವಾದುದೆಷ್ಟು ಎಂಬುದನ್ನು ಹುಡುಕಲು ಕಲಿಯಬೇಕು. ಅದು ಸಿಕ್ಕದಿದ್ದರೆ 2005ರ ಮಾಹಿತಿ ಹಕ್ಕಿನ ಕಾನೂನಿದೆ. ಸಾಮಾನ್ಯವಾಗಿ 30 ದಿನಗಳೊಳಗೆ ಉತ್ತರ ಬರಬೇಕೆಂಬುದು ಅದರ ನಿಯಮ.

ಮೂರನೆಯದು, ಕೂಡುವ ಪಾಠ. ಸಭೆಯ ವಿಷಯಗಳನ್ನು ಮುಂಚಿತವಾಗಿ ತಿಳಿಸುವುದು, ಒಬ್ಬನೇ ಮಾತನಾಡದಂತೆ ತಡೆಯುವುದು, ಮಾಡಿದ ನಿರ್ಣಯವನ್ನು ಬರೆದು ಎಲ್ಲರೆದುರು ಓದುವುದು, ಯಾವ ಕೆಲಸವನ್ನು ಯಾರು ಯಾವ ತಾರೀಖಿನೊಳಗೆ ಮಾಡಬೇಕೆಂದು ಗೊತ್ತುಮಾಡುವುದು. ಕೂಲಿಯವರಿಗೂ ಮನೆಗೆಲಸದ ಹೆಣ್ಣುಮಕ್ಕಳಿಗೂ ಒದಗುವ ವೇಳೆಯಲ್ಲಿ ಸಭೆ ಸೇರಿಸಬೇಕೆಂಬುದೂ ಈ ಪಾಠದ ಭಾಗವೇ.

ನಾಲ್ಕನೆಯದು, ಬೆನ್ನುಹತ್ತುವ ಪಾಠ. ಅರ್ಜಿಯನ್ನು ಸಂಕ್ಷೇಪವಾಗಿ, ಸ್ಥಳ ಕಾಲಗಳೊಡನೆ ಬರೆದು, ರಸೀದಿ ಪಡೆದು, ಗಡುವು ಮೀರಿದರೆ ಮೇಲಿನವರ ಬಳಿಗೆ ಹೋಗುವುದು. ಒಂದು ಅರ್ಜಿ ಕೊಟ್ಟು ಬೇಸತ್ತವನಿಗಿಂತ, ಅದೇ ಅರ್ಜಿಯನ್ನು ವಿನಯದಿಂದ ಐದು ಬಾರಿ ಕೇಳಿದವನು ಹೆಚ್ಚಿನ ಕೆಲಸ ಮಾಡಿಸುತ್ತಾನೆ.

ಇದರಿಂದ ಅಧಿಕಾರಿಗಳೊಡನೆ ಜಗಳ ಬೆಳೆದೀತೆಂದು ಕೆಲವರು ಅಂಜುತ್ತಾರೆ. ಅರಿತವನ ಪ್ರಶ್ನೆಗೆ ಉತ್ತರ ಕೊಡುವುದು, ಅರಿಯದವನ ಕೂಗಿಗೆ ಕೊಡುವುದಕ್ಕಿಂತ ಸುಲಭ. ಒಳ್ಳೆಯ ಅಧಿಕಾರಿಗೆ ಇದರಿಂದ ಬಲವೇ ಬರುತ್ತದೆ. ಪಕ್ಷದವರು ಇದನ್ನು ನುಂಗಿಯಾರೆಂದು ಮತ್ತೆ ಕೆಲವರ ಶಂಕೆ. ಆ ಅಪಾಯ ನಿಜವಾದುದೇ. ಇಬ್ಬರಿಗಷ್ಟೇ ಕಲಿಸಿದರೆ ಇಬ್ಬರನ್ನು ಒಲಿಸಿಕೊಳ್ಳಬಹುದು. ಮನೆಗೊಬ್ಬರಂತೆ ಕಲಿತ ಓಣಿಯನ್ನು ಯಾರು ನುಂಗಬಲ್ಲರು?

ಇನ್ನು ಕಲಿಸುವವರಾರು? ಉಪಾಧ್ಯಾಯರೇ, ಆ ಪ್ರಶ್ನೆಗೆ ನಾನು ತಮ್ಮ ಕಡೆಗೇ ನೋಡುತ್ತೇನೆ. ರವಿವಾರ ಶಾಲೆಯ ಕೋಣೆಗಳು ಬರಿದಾಗಿರುತ್ತವೆ. ಕರಿಹಲಗೆಯೂ ಸುಣ್ಣದ ಕಡ್ಡಿಯೂ ಅಲ್ಲಿಯೇ ಇವೆ. ತಮ್ಮಲ್ಲಿ ಒಬ್ಬರು, ಓಣಿಯ ವೃದ್ಧರೊಬ್ಬರು, ಲೆಕ್ಕ ಬಲ್ಲ ಹೆಣ್ಣುಮಗಳೊಬ್ಬಳು, ದಿನಾಲು ನಸುಕಿನಲ್ಲಿ ನಮ್ಮ ಬೀದಿಯನ್ನು ಗುಡಿಸುವ ಪೌರಕಾರ್ಮಿಕರೊಬ್ಬರು, ಈ ನಾಲ್ವರು ಗುರುಗಳಾಗಲಿ. ಕೊನೆಯವರನ್ನು ಕೇಳದೆ ಕಸದ ವಿಷಯವಾಗಿ ಮಾತನಾಡುವುದು, ರೋಗಿಯನ್ನು ಕೇಳದೆ ಮದ್ದು ಅರೆದಂತೆ. ಮೂರು ಲಕ್ಷ ಜನರಿಲ್ಲದ ಸಣ್ಣ ಊರಿನವರು ವಾರ್ಡು ಸಮಿತಿಯ ದಾರಿ ಕಾಯುತ್ತ ಕುಳಿತುಕೊಳ್ಳಬೇಕಾದುದಿಲ್ಲ. ನೋಡುವುದಕ್ಕೂ ಓದುವುದಕ್ಕೂ ಕೂಡುವುದಕ್ಕೂ ಬೆನ್ನುಹತ್ತುವುದಕ್ಕೂ ಸರಕಾರದ ಅಪ್ಪಣೆ ಬೇಕಿಲ್ಲ.

ಮಹನೀಯರೇ, ಇಲ್ಲಿ ನೆರೆದವರು ತಮ್ಮ ತಮ್ಮ ಓಣಿಯಿಂದ ಹತ್ತು ಜನರನ್ನು ಆರಿಸಿ, ಬರುವ ರವಿವಾರ ಮೊದಲನೆಯ ಪಾಠವನ್ನು ಆರಂಭಿಸಬೇಕೆಂದು ಪ್ರಾರ್ಥಿಸುತ್ತೇನೆ. ಮಳೆಗಾಲ ಬರುವುದಕ್ಕೆ ಮುಂಚೆ ತಮ್ಮ ಓಣಿಯ ಗಟಾರವು ಎಲ್ಲಿ ಕಟ್ಟಿಕೊಂಡಿದೆಯೆಂಬುದನ್ನು ಆ ಹತ್ತು ಜನರು ನಕ್ಷೆಯ ಮೇಲೆ ತೋರಿಸಬಲ್ಲವರಾದರೆ, ಈ ಹೊತ್ತಿನ ಸಭೆಯು ಸಾರ್ಥಕವಾಯಿತೆಂದು ನಾನು ತಿಳಿಯುವೆನು.