ಹಳಿಯೂ ಹೆದ್ದಾರಿಯೂ

(ಕುಷ್ಟಗಿಯಲ್ಲಿ ಶಿಕ್ಷಕರ ಹಾಗೂ ಪುರಜನರ ಕೂಟದಲ್ಲಿ ಮಾಡಿದ ಭಾಷಣ)



ಉಗಿಬಂಡಿಯ ಕಾಲವು ಬಂದು, ಬಾಳಿ, ಅಳಿದು ಹೋದರೂ ಅದರ ಹೊಗೆಯನ್ನು ಕಾಣದೆ ಉಳಿದ ಊರು ನಿಮ್ಮದು. 2025ನೆಯ ಇಸವಿಯ ಮೇ ತಿಂಗಳ 15ನೆಯ ದಿನ ಕುಷ್ಟಗಿಯಿಂದ ಹುಬ್ಬಳ್ಳಿಗೆ ಮೊದಲ ರೈಲು ಹೊರಟಿತು. ಕೊಪ್ಪಳದವರಾದರೋ ಹತ್ತೊಂಬತ್ತನೆಯ ಶತಮಾನದ ಎಂಬತ್ತರ ದಶಕದಿಂದಲೇ ಬಂಡಿಯ ಸಿಳ್ಳನ್ನು ಕೇಳುತ್ತ ಬಂದವರು. ಒಂದೇ ಜಿಲ್ಲೆಯ ಎರಡು ಊರುಗಳಿಗೆ ನಡುವೆ ಇಷ್ಟು ಅಂತರವೇಕೆ ಬಿದ್ದಿತೆಂಬುದನ್ನು ಮೊದಲು ವಿಚಾರಿಸಿ, ಆ ಮೇಲೆ ಬಸ್ಸು ಇರುವಾಗ ರೈಲೇಕೆ ಎಂದು ಕೇಳುವ ಸ್ನೇಹಿತರಿಗೆ ಉತ್ತರ ಕೊಡಬೇಕೆಂದಿದ್ದೇವೆ.

1876ರಿಂದ 78ರ ವರೆಗಿನ ಘೋರ ಕ್ಷಾಮವನ್ನು ಈ ನೆಲದವರಿಗೆ ಹೇಳಿಕೊಡಬೇಕಾದುದಿಲ್ಲ. ಕಾಳು ಇದ್ದ ಕಡೆಯಿಂದ ಇಲ್ಲದ ಕಡೆಗೆ ಒಯ್ಯಲು ದಾರಿಯಿಲ್ಲದೆ ಮಂದಿ ಸತ್ತರು. ಆ ಬಳಿಕ 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಎಂಬ ಕಂಪನಿ ಹುಟ್ಟಿತು. ಬಳ್ಳಾರಿ, ಹೊಸಪೇಟೆ, ಕೊಪ್ಪಳ, ಗದಗುಗಳ ಮೇಲೆ ಹಾಯ್ದ ಅದರ ಮೀಟರ್ ಗೇಜ್ ಹಳಿಯು ಹತ್ತಿಯನ್ನು ಮರ್ಮಗೋವೆಯ ಬಂದರಕ್ಕೆ ಒಯ್ಯುವ ಹಾದಿಯೂ ಆಯಿತು. ವಿಚಿತ್ರವೆಂದರೆ, ಹೊಸಪೇಟೆಯು ಮದರಾಸು ಪ್ರಾಂತದಲ್ಲಿ, ಗದಗು ಮುಂಬಯಿ ಪ್ರಾಂತದಲ್ಲಿ, ನಡುವಿನ ಕೊಪ್ಪಳವು ನಿಜಾಮ ರಾಜ್ಯದೊಳಗಿನ ಸಾಲಾರ್ ಜಂಗರ ಜಹಗೀರಿನಲ್ಲಿ! ಕನ್ನಡಿಗನೊಬ್ಬನು ಒಂದು ಹೊತ್ತಿನ ಪ್ರವಾಸದಲ್ಲಿ ಮೂರು ಸರಕಾರಗಳನ್ನು ದಾಟುತ್ತಿದ್ದನು. ಹಳಿ ಹಾಕಿದವರಿಗೆ ಬೇಕಾದುದು ಬಂದರವು; ಒಳನಾಡಿನ ಯಲಬುರ್ಗಿ, ಕುಷ್ಟಗಿ, ಗಂಗಾವತಿಗಳು ಅವರ ಲೆಕ್ಕದಲ್ಲಿ ಇರಲಿಲ್ಲ. ನಿಜಾಮರ ಹಳಿಯಾದರೂ 1874ರಲ್ಲಿ ವಾಡಿಯಿಂದ ಸಿಕಂದರಾಬಾದಿನ ಕಡೆಗೆ ಮುಖ ತಿರುಗಿಸಿತು, ನಮ್ಮ ಕಡೆಗಲ್ಲ.

ಇದರ ಫಲವನ್ನು ನಮ್ಮ ಹಿರಿಯ ವಕೀಲರು ಚೆನ್ನಾಗಿ ಬಲ್ಲರು. ಕೊಪ್ಪಳವು 1998ರಲ್ಲಿ ಪ್ರತ್ಯೇಕ ಜಿಲ್ಲೆಯಾಗುವವರೆಗೆ ನಮ್ಮ ಜಿಲ್ಲೆಯ ಸ್ಥಳ ರಾಯಚೂರು. ಕೊಪ್ಪಳದವನು ರೈಲಿನಲ್ಲಿಯೇ ರಾಯಚೂರಿಗೆ ಹೋಗುವೆನೆಂದು ಹಟ ಹಿಡಿದರೆ ಹೊಸಪೇಟೆ, ಬಳ್ಳಾರಿ, ಗುಂತಕಲ್ಲುಗಳನ್ನು ಸುತ್ತಿ, ಆದವಾನಿಯ ಮೇಲೆ ಹಾಯ್ದು ಹೋಗಬೇಕು. ಮೀಟರ್ ಗೇಜಿನ ಕಾಲದಲ್ಲಂತೂ ಗುಂತಕಲ್ಲಿನಲ್ಲಿ ಗಂಟುಮೂಟೆ ಇಳಿಸಿ ಬಂಡಿ ಬದಲಿಸುವ ಪಾಡು ಬೇರೆ. ತನ್ನದೇ ಜಿಲ್ಲೆಯ ಕಚೇರಿಗೆ ಪರನಾಡಿನ ಮೇಲೆ ಹಾಯ್ದು ಹೋಗುವ ಈ ಸೊಗಸು ಬೇರೆಲ್ಲಿ ಇದ್ದೀತು? ಆದುದರಿಂದ ನಮ್ಮವರು ಮೋಟಾರನ್ನು ನೆಚ್ಚಿದರು. ನೆಚ್ಚಿದುದು ತಪ್ಪೂ ಅಲ್ಲ.

ಮೋಟಾರಿನ ಚರಿತ್ರೆಯಲ್ಲಿಯೂ ಒಂದು ಪಾಠವಿದೆ. ನಿಜಾಮ ರಾಜ್ಯದಲ್ಲಿ ಸರಕಾರಿ ಬಸ್ಸುಗಳನ್ನು ಮೊದಲು ಓಡಿಸಿದವರು ಯಾರು? ರೈಲ್ವೆಯವರೇ! 1932ರ ಜೂನ್ ತಿಂಗಳಲ್ಲಿ ನಿಜಾಮ್ ಸ್ಟೇಟ್ ರೈಲ್ವೆಯ ಒಂದು ವಿಭಾಗವು 27 ಬಸ್ಸುಗಳಿಂದ ಆ ಕೆಲಸವನ್ನು ಆರಂಭಿಸಿತು. ಹಳಿಯನ್ನೂ ಹಾದಿಯನ್ನೂ ಒಂದೇ ಕೈ ನೋಡಿಕೊಳ್ಳುತ್ತಿತ್ತು. 1951ರಲ್ಲಿ ಬಸ್ಸಿನ ವಿಭಾಗವು ರೈಲ್ವೆಯಿಂದ ಬೇರೆಯಾಯಿತು. 1956ರಲ್ಲಿ ನಾವು ಕನ್ನಡ ನಾಡಿನಲ್ಲಿ ಒಂದಾದೆವು. ಆದರೆ ರೈಲು ದಿಲ್ಲಿಯದು, ಬಸ್ಸು ರಾಜ್ಯದ್ದು ಎಂದಾಗಿ, ಒಂದರ ವೇಳೆ ಇನ್ನೊಂದಕ್ಕೆ ತಿಳಿಯದಂತಾಯಿತು.

ಇನ್ನು ಬಸ್ಸಿನ ಪಕ್ಷವನ್ನು ನ್ಯಾಯವಾಗಿ ಮಂಡಿಸೋಣ. ಎದುರಾಳಿಯ ವಾದವನ್ನು ಅರ್ಧ ಹೇಳಿ ಗೆಲ್ಲುವುದು ನಮ್ಮ ವೃತ್ತಿಗೆ ಒಪ್ಪುವುದಿಲ್ಲ. ವಿಜಯಪುರದಿಂದ ಕುಷ್ಟಗಿ, ಹೊಸಪೇಟೆಗಳ ಮೇಲೆ ಚಿತ್ರದುರ್ಗಕ್ಕೆ ಹೋಗುವ 50ನೆಯ ರಾಷ್ಟ್ರೀಯ ಹೆದ್ದಾರಿಯು ಚತುಷ್ಪಥವಾಗಿದೆ. ಸಂಜೆ ಊಟ ಮುಗಿಸಿ ಬಸ್ಸನ್ನೇರಿದವನು ಬೆಳಗಿಗೆ ಬೆಂಗಳೂರಲ್ಲಿ ಕಣ್ಣು ತೆರೆಯುತ್ತಾನೆ. ತಾವರಗೇರಿ, ಹನುಮಸಾಗರ, ಕನಕಗಿರಿಗಳಿಗೆ ಬಸ್ಸಲ್ಲದೆ ಗತಿಯಿಲ್ಲ. ಮೇಲಾಗಿ 2023ರ ಜೂನ್ 11ರಿಂದ ರಾಜ್ಯದ ಸಾಮಾನ್ಯ ಬಸ್ಸುಗಳಲ್ಲಿ ಹೆಣ್ಣುಮಕ್ಕಳಿಗೆ ಟಿಕೀಟಿಲ್ಲ. ರೈಲಿನ ದರವು ಬಸ್ಸಿಗಿಂತ ಕಡಿಮೆಯೆಂಬುದು ನಿಜವಾದರೂ, ಗಂಡ ಹೆಂಡತಿ, ತಾಯಿ, ಮಗಳು ಕೂಡಿ ಹೊರಟ ಸಂಸಾರಕ್ಕೆ ಬಸ್ಸಿನಲ್ಲಿ ಒಂದೇ ಟಿಕೀಟು, ರೈಲಿನಲ್ಲಿ ನಾಲ್ಕು. ರೈಲು ಅಗ್ಗವೆಂದು ನಾವು ಸಾರಿದರೆ ಒಲೆಯ ಮುಂದೆ ಕೂತ ತಾಯಿ ನಕ್ಕಾಳು.

ಹಾಗಾದರೆ ರೈಲು ಬೇಡವೇ? ಮಳೆ ಕೈಕೊಟ್ಟ ವರ್ಷ ಕುಷ್ಟಗಿ, ಯಲಬುರ್ಗಿ ತಾಲೂಕುಗಳ ಹಳ್ಳಿಗಳಿಂದ ಬೆಂಗಳೂರು, ಮಂಗಳೂರು, ಗೋವೆಗಳಿಗೆ ದುಡಿಯಲು ಹೊರಡುವ ಜನರನ್ನು ನೆನೆಯಿರಿ. ಪಾತ್ರೆಯ ಗಂಟು, ಜೋಳದ ಚೀಲ, ಕಂಕುಳಲ್ಲಿ ಕೂಸು. ಇವರಿಗೆ ಬೇಕಾದುದು ವೇಗವಲ್ಲ. ಕೂಸನ್ನು ಮಲಗಿಸಲು ಅಂಗೈಯಗಲದ ಸ್ಥಳ, ನೀರು, ಶೌಚಕ್ಕೆ ಮರೆ. ಇವನ್ನು ಯಾವ ಬಸ್ಸೂ ಕೊಡಲಾರದು.

ಎರಡನೆಯದು ಸರಕಿನ ಮಾತು. ಉಕ್ಕಿನ ಗಾಲಿಯು ಉಕ್ಕಿನ ಹಳಿಯ ಮೇಲೆ ಉರುಳುವಾಗ ಆಗುವ ತಡೆಯು, ರಬ್ಬರಿನ ಗಾಲಿ ಡಾಂಬರಿನ ಮೇಲೆ ಉರುಳುವಾಗಿನ ತಡೆಗಿಂತ ಎಷ್ಟೋ ಪಾಲು ಕಡಿಮೆ. ಅಷ್ಟೇ ಇಂಧನದಲ್ಲಿ ಅನೇಕ ಪಟ್ಟು ಭಾರವನ್ನು ಎಳೆಯಬಹುದು. ತುಂಗಭದ್ರೆಯ ಎಡದಂಡೆಯ ಕಾಲುವೆಯಿಂದ ಗಂಗಾವತಿ, ಕಾರಟಗಿ, ಸಿಂಧನೂರುಗಳು ಅಕ್ಕಿಯ ಕಣಜಗಳಾಗಿವೆ. ಒಂದು ಪೂರ್ಣ ಸರಕಿನ ರೈಲು ಸುಮಾರು 2,500 ಟನ್ನು ಹೊರುತ್ತದೆ; 25 ಟನ್ನಿನ ಲಾರಿಗಳಾದರೆ ನೂರು ಬೇಕು. ಗಿಣಿಗೇರಿಯಿಂದ ಮಹಬೂಬನಗರಕ್ಕೆಂದು ತೊಂಬತ್ತರ ದಶಕದ ಕೊನೆಗೆ ಮಂಜೂರಾದ ಹಳಿಯು ಗಂಗಾವತಿಯನ್ನು ಮುಟ್ಟಿದ್ದು 2019ರಲ್ಲಿ, ಸಿಂಧನೂರನ್ನು 2024ರಲ್ಲಿ. ಮಂಜೂರಾತಿಯ ವರ್ಷ ಹುಟ್ಟಿದ ಕೂಸು ಓದು ಮುಗಿಸಿ ನೌಕರಿ ಹುಡುಕುವ ವಯಸ್ಸಿಗೆ ಬಂದಿತ್ತು! ಬಂದ ಹಳಿಯ ಮೇಲೆ ಜನರ ಸಂಗಡ ಅಕ್ಕಿಯೂ ಹೋಗಲೆಂದು ಗಿರಣಿಯವರೂ ಅಡತಿಯವರೂ ಒಕ್ಕೊರಲಿಂದ ಕೇಳಬೇಕು.

ಮೂರನೆಯದು ಗದಗು–ವಾಡಿ ಹಾದಿ. 2013ರಲ್ಲಿ ಒಪ್ಪಿಗೆ ಪಡೆದ ಸುಮಾರು 257 ಕಿಲೋಮೀಟರಿನ ಈ ಹಳಿಯು ತಳಕಲ್ಲು, ಕುಕನೂರು, ಯಲಬುರ್ಗಿ, ಕುಷ್ಟಗಿಗಳ ಮೇಲೆ ಬಂದು ಲಿಂಗಸುಗೂರು, ಸುರಪುರ, ಶಹಾಪುರಗಳ ಕಡೆಗೆ ಸಾಗಬೇಕಾದುದು. ಕಂಪನಿಯ ಹಳಿಯೂ ನಿಜಾಮರ ಹಳಿಯೂ ನೂರಕ್ಕೂ ಹೆಚ್ಚು ವರ್ಷ ಬೆನ್ನು ತಿರುಗಿಸಿ ನಿಂತಿದ್ದವಲ್ಲ, ಅವುಗಳ ನಡುವಿನ ಕನ್ನಡ ನೆಲವನ್ನು ಇದು ಹೊಲಿಯುತ್ತದೆ. ಇದಕ್ಕೆ ನಮ್ಮ ರಾಜ್ಯವು ಭೂಮಿಯನ್ನೂ ವೆಚ್ಚದ ಅರ್ಧವನ್ನೂ ಹೊರಲು ಒಪ್ಪಿದೆಯಾದುದರಿಂದ ನಾವು ಬೇಡುವವರಷ್ಟೇ ಅಲ್ಲ, ಪಾಲುಗಾರರು.

ಆದರೆ ಒಂದು ಅಂಜಿಕೆ ಇದೆ. ನೆರೆಯ ಕೊಟ್ಟೂರನ್ನು ನೋಡಿರಿ. ಹೊಸಪೇಟೆ–ಕೊಟ್ಟೂರು ಹಳಿಯಲ್ಲಿ ಗೇಜು ಬದಲಿಸುವ ಕಾಲಕ್ಕೆ ನಿಂತ ಜನರ ಬಂಡಿಯು ವರ್ಷಗಟ್ಟಲೆ ಮರಳಲಿಲ್ಲ; ಊರವರು ಹೋರಾಡಿ ಹೋರಾಡಿ, 2019ರಲ್ಲಿ ಅದು ತಿರುಗಿ ಓಡಿತು. ಹಳಿ ಇದ್ದ ಮಾತ್ರಕ್ಕೆ ಬಂಡಿ ಇದ್ದೇ ಇರುವುದೆಂಬ ಭರವಸೆ ಬೇಡ. ಖಾಲಿ ಓಡುವ ಬಂಡಿಯನ್ನು ನಿಲ್ಲಿಸಲು ಒಂದು ಕಾಗದ ಸಾಕು.

ಬಂಡಿ ಖಾಲಿಯಾಗುವುದು ಹೇಗೆ? ನಮ್ಮ ಅನುಭವವನ್ನೇ ಹೇಳುತ್ತೇವೆ. ಕೊಪ್ಪಳ ಜಿಲ್ಲೆಯ ಮೇಲ್ಮನವಿಗಳು ಧಾರವಾಡದ ಉಚ್ಚ ನ್ಯಾಯಾಲಯದ ಪೀಠಕ್ಕೆ ಹೋಗುತ್ತವೆ. ನಮ್ಮ ವೃದ್ಧ ಕಕ್ಷಿಗಾರರೊಬ್ಬರನ್ನು, ‘ಯಜಮಾನರೇ, ರೈಲಿಗೆ ಬನ್ನಿರಿ, ಸುಖವಾಗಿ ಹೋಗೋಣ’ ಎಂದು ಕರೆದೆವು. ಅವರೆಂದರು: ‘ವಕೀಲಸಾಹೇಬರೇ, ರೈಲಿನೊಳಗಿನ ಸುಖ ಖರೆ, ಆದರೆ ನಸುಕಿನಲ್ಲಿ ನಮ್ಮ ಹಳ್ಳಿಯಿಂದ ಟೇಶನ್ನಿಗೆ ನನ್ನನ್ನು ತರುವವರಾರು?’ ಆ ದಿನ ನಾವೂ ಅವರ ಸಂಗಡ ಬಸ್ಸಿನಲ್ಲಿಯೇ ಹೋದೆವು. ರೈಲಿನ ಪರ ವಾದಿಸುವ ವಕೀಲನು ಬಸ್ಸಿನ ಕಿಟಕಿಯಿಂದ ಹಳಿಯನ್ನು ನೋಡುತ್ತ ಕುಳಿತ ಆ ದೃಶ್ಯಕ್ಕೆ ನೀವು ನಗಬಹುದು, ನಾವೂ ನಕ್ಕೆವು.

ಆದುದರಿಂದ ನಮ್ಮ ಬೇಡಿಕೆ ರೈಲೋ ಬಸ್ಸೋ ಎಂಬುದಲ್ಲ. ಬಂಡಿ ಹೊರಡುವ ಅರ್ಧ ಗಂಟೆ ಮೊದಲು ತಾವರಗೇರಿಯ, ಹನುಮಸಾಗರದ ಬಸ್ಸು ನಿಲ್ದಾಣದ ಬಾಗಿಲಿಗೆ ಬರಬೇಕು. ಬಂಡಿ ಬಂದಾಗ ಅದೇ ಬಸ್ಸು ಕಾದಿರಬೇಕು. ಗಂಗಾವತಿಯಲ್ಲಿ ಕನಕಗಿರಿಯ ಬಸ್ಸಿಗೂ, ಯಲಬುರ್ಗಿಯಲ್ಲಿ ಸುತ್ತಣ ಹಳ್ಳಿಗಳ ಬಸ್ಸಿಗೂ ಇದೇ ಏರ್ಪಾಡು. 1932ರಲ್ಲಿ ಒಂದು ರೈಲ್ವೆ ಕೈಗೊಂಡದ್ದು ಇಂದಿನ ಎರಡು ಇಲಾಖೆಗಳಿಗೆ ಅಸಾಧ್ಯವಾಗಬಾರದು.

ಗುರುಜನರಲ್ಲಿ ಒಂದು ಅರಿಕೆ. ನಿಮ್ಮ ಶಾಲೆಯ ದೊಡ್ಡ ಹುಡುಗರಿಂದ, ಯಾವ ಹಳ್ಳಿಯಿಂದ ಎಷ್ಟು ಮಂದಿ, ಯಾವ ಹೊತ್ತಿಗೆ, ಯಾವ ಊರಿಗೆ ಹೋಗಬಯಸುವರೆಂಬುದನ್ನು ಒಂದು ತಿಂಗಳು ಬರೆಯಿಸಿರಿ. ಆ ಪಟ್ಟಿ ನಮ್ಮ ಕೈಸೇರಿದರೆ, ರೈಲ್ವೆಗೊಂದು ಸಾರಿಗೆ ಸಂಸ್ಥೆಗೊಂದು ಮನವಿಯನ್ನು ನಾವೇ ಬರೆದು ತರುತ್ತೇವೆ. ಸಹಿ ಮಾತ್ರ ಏಳೂ ತಾಲೂಕುಗಳದ್ದು ಆಗಬೇಕು.