ಬೆರೆತರೂ ಬೇರೆಯಾಗಿ ಉಳಿದ ಮಂಗಗಳು

ಪ್ರಭೇದ ಅಂದರೇನು ಎಂಬುದಕ್ಕೆ ಶಾಲೆಯಲ್ಲಿ ಹೇಸರಗತ್ತೆಯ ಉದಾಹರಣೆ ಕೊಡುತ್ತಿದ್ದರು. ಕುದುರೆ, ಕತ್ತೆ ಕೂಡಿದರೆ ಹೇಸರಗತ್ತೆ ಹುಟ್ಟುತ್ತದೆ, ಅದಕ್ಕೆ ಮರಿಯಾಗುವುದಿಲ್ಲ. ಹಾಗಾಗಿ ಅವು ಬೇರೆ ಬೇರೆ ಪ್ರಭೇದ. 1942ರಲ್ಲಿ ಜೀವವಿಜ್ಞಾನಿ ಅರ್ನ್ಸ್ಟ್ ಮೇಯರ್ ಕೊಟ್ಟ ವ್ಯಾಖ್ಯೆಯೂ ಹೆಚ್ಚುಕಡಿಮೆ ಇದೇ ದಾರಿಯದು. ಪರೀಕ್ಷೆ ಬರೆಯಲು ಇಷ್ಟು ಸಾಕು, ಆಫ್ರಿಕದ ಬಬೂನ್ ಮಂಗಗಳಿಗೆ ಸಾಲದು. ಅವುಗಳ ಆರು ಪ್ರಭೇದಗಳಲ್ಲಿ ನೆರೆಹೊರೆಯವು ಎದುರಾದ ಹಲವು ಕಡೆ ಬೆರಕೆ ನಡೆದಿದೆ, ಬೆರಕೆ ಮರಿಗಳು ಬೆಳೆದು ತಾವೂ ಮರಿ ಹಾಕುತ್ತಿವೆ.

ಇಥಿಯೋಪಿಯಾದ ಆವಾಶ್ ನದಿಯನ್ನೇ ನೋಡಿ. ಮೇಲ್ದಂಡೆಯಲ್ಲಿ ಆಲಿವ್ ಬಬೂನ್, ಕೆಳಗಿನ ಒಣ ಸೀಮೆಯಲ್ಲಿ ಹಮಾದ್ರಯಸ್, ನಡುವೆ ಬೆರಕೆ ಗುಂಪುಗಳು. ಹಮಾದ್ರಯಸ್ ಗಂಡಿಗೆ ಹೆಗಲ ಮೇಲೆ ಬೆಳ್ಳಿ ಬಣ್ಣದ ಕೇಸರ. ಕೆಲವು ಹೆಣ್ಣುಗಳನ್ನು ಅದು ಸದಾ ಬೆನ್ನ ಹಿಂದೆಯೇ ಇಟ್ಟುಕೊಳ್ಳುತ್ತದೆ. ಒಂದು ಹೆಣ್ಣು ನಾಲ್ಕು ಹೆಜ್ಜೆ ಆಚೆ ಹೋದರೆ ಹುಬ್ಬೆತ್ತಿ ದುರುಗುಟ್ಟುತ್ತದೆ. ಬರದಿದ್ದರೆ ಓಡಿಹೋಗಿ ಕತ್ತು ಕಚ್ಚುತ್ತದೆ. ಆಶ್ಚರ್ಯವೆಂದರೆ, ಕಚ್ಚಿಸಿಕೊಂಡ ಹೆಣ್ಣು ಕಚ್ಚಿದವನ ಹಿಂದೆಯೇ ಓಡಿಬರುತ್ತದೆ! ಆಲಿವ್ ಬಬೂನ್‌ಗಳಲ್ಲಿ ಈ ದರ್ಬಾರು ಇಲ್ಲ. ಹೆಣ್ಣುಗಳು ತಾಯಿ, ಅಕ್ಕತಂಗಿಯರ ಜೊತೆ ಹುಟ್ಟಿದ ಗುಂಪಿನಲ್ಲೇ ಬಾಳುತ್ತವೆ. ಗುಂಪು ಬಿಟ್ಟು ಹೋಗುವುದು ಗಂಡುಗಳು.

ಸ್ವಿಟ್ಜರ್ಲೆಂಡಿನ ಪ್ರಾಣಿವಿಜ್ಞಾನಿ ಹಾನ್ಸ್ ಕುಮ್ಮರ್ ಮತ್ತು ಸಂಗಡಿಗರು ಇಥಿಯೋಪಿಯಾದಲ್ಲಿ ಹೆಣ್ಣುಗಳನ್ನು ಅದಲುಬದಲು ಮಾಡಿ ನೋಡಿದರು. ಹಮಾದ್ರಯಸ್ ಗುಂಪಿಗೆ ಬಿಟ್ಟ ಆಲಿವ್ ಹೆಣ್ಣು ಬೇಗನೆ ಗಂಡಿನ ಹಿಂದೆ ನಡೆಯಲು ಕಲಿಯಿತು; ಆಲಿವ್ ಗುಂಪಿಗೆ ಹೋದ ಹಮಾದ್ರಯಸ್ ಹೆಣ್ಣು ಯಾರ ಹಿಂದೆಯೂ ಹೋಗುವುದನ್ನು ಬಿಟ್ಟಿತು. ಗಂಡಿನ ಸ್ವಭಾವ ಮಾತ್ರ ಬಹುಮಟ್ಟಿಗೆ ಹುಟ್ಟಿನಿಂದ ಬಂದದ್ದು. ಪಾಡು ಬೆರಕೆ ಗಂಡಿನದು: ಹೆಣ್ಣುಗಳನ್ನು ಕೂಡಿಹಾಕುವ ಆಸೆಯಿದೆ, ಹಿಡಿದಿಡುವ ಕಲೆ ಅರೆಬರೆ.

ಇನ್ನು ಕೆನ್ಯಾದ ಅಂಬೋಸೆಲಿ. ಅಲ್ಲಿ ಇನ್ನೊಂದು ಪ್ರಭೇದವಾದ ಹಳದಿ ಬಬೂನ್‌ಗಳನ್ನು 1971ರಿಂದ ಒಂದೊಂದಾಗಿ ಗುರುತಿಟ್ಟು ಗಮನಿಸುತ್ತ ಬಂದಿದ್ದಾರೆ. ಆಲಿವ್ ಬಬೂನ್‌ಗಳೂ ಬಂದು ಸೇರಿಕೊಂಡವು. ಬೆರಕೆಯವು ಗಟ್ಟಿಮುಟ್ಟಾಗಿವೆ, ಆಲಿವ್ ಅಂಶ ಹೆಚ್ಚಿರುವ ಗಂಡುಗಳು ಕೂಡುವುದರಲ್ಲಿ ಮುಂದೆಯೇ ಇವೆ. ಹಾಗಾದರೆ ಹಳದಿ ಬಬೂನ್ ಎಂದೋ ಕರಗಿಹೋಗಬೇಕಿತ್ತಲ್ಲ? 2022ರಲ್ಲಿ ಪ್ರಕಟವಾದ, 442 ಬಬೂನ್‌ಗಳ ಜೀನೋಮ್ ಅಧ್ಯಯನ ಉತ್ತರ ಕೊಟ್ಟಿತು. ತಲೆಮಾರುಗಳು ಕಳೆದಂತೆ, ಜೀನ್‌ಗಳು ಒತ್ತಾಗಿರುವ ಜಾಗಗಳಿಂದ ಆಲಿವ್ ತುಣುಕುಗಳನ್ನು ನಿಸರ್ಗದ ಆಯ್ಕೆ ತೆಗೆದುಹಾಕುತ್ತ ಬಂದಿದೆ. ಒಂದು ಮಂಗದ ಬಾಳಿನಲ್ಲಿ ಕಣ್ಣಿಗೆ ಬೀಳದ ನಷ್ಟ ಸಾವಿರಾರು ವರ್ಷಗಳಲ್ಲಿ ಲೆಕ್ಕಕ್ಕೆ ಬರುತ್ತದೆ. ನಮ್ಮೊಳಗೆ ಉಳಿದಿರುವ ನಿಯಾಂಡರ್ತಾಲ್ ಮಾನವರ ಡಿಎನ್‌ಎಯ ಕಥೆಯೂ ಇದೇ. ನನ್ನ ಮಟ್ಟಿಗೆ ಪ್ರಭೇದವನ್ನು ಕಾಯುವುದು ಹೇಸರಗತ್ತೆಯ ಬಂಜೆತನವಲ್ಲ, ಈ ನಿಧಾನದ ಜರಡಿ.

ಆದರೆ ಜರಡಿಗೆ ಕಾಲಾವಕಾಶ ಬೇಕು. ಅದನ್ನು ನಾವು ಕೊಡುತ್ತಿದ್ದೇವೆಯೇ ಎಂದು ತಿಳಿಯಲು ನಮ್ಮ ಊರಿನ ಮಂಗಗಳನ್ನೇ ನೋಡಿ. ತಲೆಗೂದಲು ಬೈತಲೆ ತೆಗೆದಂತಿರುವ, ಉದ್ದ ಬಾಲದ ನಮ್ಮ ಬಾನೆಟ್ ಮಂಗ ದಕ್ಷಿಣ ಭಾರತ ಬಿಟ್ಟರೆ ಬೇರೆಲ್ಲೂ ಇಲ್ಲ. ಉತ್ತರದ ಮೋಟು ಬಾಲದ ರೀಸಸ್ ಮಂಗ ದಕ್ಷಿಣಕ್ಕೆ ಹಬ್ಬುತ್ತಿದೆ. ಹಿಡಿದ ಮಂಗಗಳನ್ನು ದೂರ ಸಾಗಿಸಿ ಬಿಡುವ ನಮ್ಮ ಚಾಳಿ ಅದಕ್ಕೆ ಅನುಕೂಲ ಮಾಡಿಕೊಡುತ್ತಿದೆ. ನಿಮ್ಮೂರಿನಲ್ಲಿ ಮಂಗ ಹಿಡಿಸುವ ಮಾತು ಬಂದರೆ, ಹಿಡಿದದ್ದು ಯಾವ ಮಂಗ, ಬಿಡುವುದು ಯಾವ ಕಾಡಿಗೆ ಎಂದು ದಯವಿಟ್ಟು ಕೇಳಿ.