ರದ್ದಿಗೆ ಹಾಕುವ ಮೊದಲು ಓದಿರಿ



ಮಹಾನವಮಿ ಹತ್ತಿರ ಬಂತು. ನಮ್ಮ ಹುಬ್ಬಳ್ಳಿ-ಧಾರವಾಡದಾಗ ಮನಿ ಮನಿಯಲ್ಲೂ ಧೂಳು ಹೊಡೆಯುವ ಕೆಲಸ ನಡೆದೈತಿ. ಅಟ್ಟದ ಸಾಮಾನು ಕೆಳಗೆ ಇಳಿದಾವ. ಯಾವುದನ್ನು ಇಡಬೇಕು? ಯಾವುದನ್ನು ಬಿಡಬೇಕು?

ಹಳೆಯ ಸೀರೆ ಇಡಿರಿ. ಪದರು ಪದರು ಹೊಲಿದರೆ ಕೌದಿ ಆಗುತ್ತದೆ. ಒಡೆದ ಗಡಿಗೆ, ಮುರಿದ ಬಕೀಟು, ಹಳೆಯ ಟೈರು ಇಡಬೇಡಿರಿ. ಅವುಗಳಲ್ಲಿ ಮಳೆ ನೀರು ನಿಲ್ಲುತ್ತದೆ. ಆ ನೀರಿನಲ್ಲಿ ಡೆಂಗಿ ಸೊಳ್ಳೆ ಹುಟ್ಟುತ್ತದೆ.

ಇನ್ನು ಟ್ರಂಕಿನ ತಳದ ಕಾಗದಗಳು. "ನಮಗೇನು ತಿಳೀತದ" ಅಂತ ಬಹಳ ಮಂದಿ ಅವನ್ನು ರದ್ದಿಯವನಿಗೆ ತೂಗಿ ಕೊಡುತ್ತಿದ್ದರು. ಈಗ ನಿಮಗೆ ಓದಲು ಬರುತ್ತದೆ. ಒಂದೊಂದೇ ಕಾಗದ ಬಿಚ್ಚಿರಿ. ಮೇಲಿನ ಸಾಲು ಓದಿರಿ. ಯಾರ ಹೆಸರು ಐತಿ, ನೋಡಿರಿ.

ಹೊಲದ ಉತಾರ, ಮನೆಯ ಖರೀದಿ ಪತ್ರ, ಪಾಸ್‌ಬುಕ್, ಮಕ್ಕಳ ಶಾಲೆಯ ದಾಖಲೆ, ಇವನ್ನು ಒಂದೇ ಚೀಲದಲ್ಲಿ ಇಡಿರಿ. ಗಂಡನ ಮರಣ ಪತ್ರ ಇಡಿರಿ. ವಿಧವಾ ವೇತನ ಕೇಳಲು ಅದು ಬೇಕು. ತವರುಮನೆಯ ಉತಾರವನ್ನೂ ಬಿಡಬೇಡಿರಿ. 2005ರ ಕಾಯ್ದೆಯಂತೆ ಹಿಂದೂ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಪಾಲು ಉಂಟು.

ಸಾಲ ತೀರಿಸಿದ ರಸೀದಿ ಸಿಕ್ಕರೆ ಅದನ್ನೂ ಇಡಿರಿ. ನಾಳೆ ಯಾರಾದರೂ "ಇನ್ನೂ ಬಾಕಿ ಐತಿ" ಅಂದರೆ ಆ ಚೀಟಿಯೇ ನಿಮ್ಮ ಸಾಕ್ಷಿ.

ಯಾವುದಾದರೂ ಕಾಗದ ತಿಳಿಯಲಿಲ್ಲವೆ? ಬಿಸಾಡಬೇಡಿರಿ. ನಾಳೆ ಸಂಜೆ ಕಲಿಕೆ ಕೇಂದ್ರಕ್ಕೆ ತನ್ನಿರಿ. ಎಲ್ಲರೂ ಕೂಡಿ ಓದೋಣ.